ವೆಬ್‌ಸೈಟಿನ ಬಣ್ಣ ನಾವೇ ಬದಲಿಸಿಕೊಳ್ಳಬಹುದಾ?

ಪ್ರಶ್ನೆ: ನಾನು ದಿನಾ ಓದುವ ಒಂದು ಸೈಟ್ ಪೂರ್ತಿ ಬಿಳಿ ಬಿಳಿ. ರಾತ್ರಿ ಓದಿದರೆ ಕಣ್ಣು ಉರಿಯುತ್ತದೆ. ಅವರು ಡಾರ್ಕ್ ಮೋಡ್ ಕೊಟ್ಟಿಲ್ಲ. ಬಣ್ಣ ನಾನೇ ಬದಲಿಸಿಕೊಳ್ಳಬಹುದಾ? ಅದು ಸೇಫಾ?

ಉತ್ತರ: ಧಾರಾಳವಾಗಿ ಬದಲಿಸಬಹುದು. ಸೈಟಿನಿಂದ ನಿಮಗೆ ಬರುವುದು ಬಣ್ಣ ಬಳಿದು ಮುಗಿಸಿದ ಚಿತ್ರ ಅಲ್ಲ. ಬರಹ ಬೇರೆ ಬರುತ್ತದೆ, ಅದು ಹೇಗೆ ಕಾಣಬೇಕು ಅನ್ನುವ ಸೂಚನೆ, ಅಂದರೆ ಸಿಎಸ್‌ಎಸ್, ಬೇರೆ ಬರುತ್ತದೆ. ಎರಡನ್ನೂ ಸೇರಿಸಿ ತೋರಿಸುವುದು ನಿಮ್ಮ ಬ್ರೌಸರ್. ಆಗ ನಿಮ್ಮದೂ ನಾಲ್ಕು ಸಾಲು ಸೇರಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೇ ಯೂಸರ್ ಸ್ಟೈಲ್ ಅನ್ನುವುದು. ಬದಲಾಗುವುದು ನಿಮ್ಮ ಪರದೆ ಮಾತ್ರ. ಸೈಟಿಗೆ ಏನೂ ಆಗುವುದಿಲ್ಲ.

ಇದೇನೂ ಕಳ್ಳದಾರಿ ಅಲ್ಲ. 1994ರಲ್ಲಿ ಹೋಕನ್ ವಿಯುಮ್ ಲೀ ಸಿಎಸ್‌ಎಸ್‌ನ ಮೊದಲ ಪ್ರಸ್ತಾವ ಮುಂದಿಟ್ಟಾಗಲೇ ಓದುಗರ ಇಷ್ಟಕ್ಕೂ ಅದರಲ್ಲಿ ಜಾಗ ಇತ್ತು. 1996ರ ಮೊದಲ ಆವೃತ್ತಿಯಲ್ಲಿ ಸೈಟ್ ಮಾಡಿದವರು, ಓದುಗರು ಇಬ್ಬರೂ ತಮ್ಮ ಸಾಲಿಗೆ 'ಇಂಪಾರ್ಟೆಂಟ್' (!important) ಎಂದು ಗುರುತು ಹಾಕಿದರೆ ಸೈಟ್ ಮಾಡಿದವರ ಮಾತೇ ನಡೆಯುತ್ತಿತ್ತು. 1998ರ ಎರಡನೇ ಆವೃತ್ತಿ ಅದನ್ನು ತಿರುಗಿಸಿ, ಓದುಗರ ಸಾಲೇ ಗೆಲ್ಲಬೇಕು ಎಂದಿತು. ದೊಡ್ಡ ಅಕ್ಷರ, ಬೇರೆ ಬಣ್ಣ ಇಲ್ಲದೆ ಓದಲಾಗದವರನ್ನು ನೆನೆದು ಮಾಡಿದ ಬದಲಾವಣೆ ಅದು. ವೆಬ್‌ನ ನಿಯಮಗಳಲ್ಲೇ ನನಗೆ ತುಂಬಾ ಇಷ್ಟವಾದದ್ದು ಇದು.

ಈಗ ಮಾಡುವುದು ಹೇಗೆ? ಮ್ಯಾಕ್‌ನ ಸಫಾರಿಯಲ್ಲಿ ನಿಮ್ಮ ಸ್ಟೈಲ್ ಫೈಲ್ ಸೇರಿಸುವ ಸೌಲಭ್ಯ ಇನ್ನೂ ಇದೆ. ಫೈರ್‌ಫಾಕ್ಸ್‌ನಲ್ಲೂ ಇದೆ, ಆದರೆ 2019ರ 69ನೇ ಆವೃತ್ತಿಯಿಂದ ನಾವೇ ಹುಡುಕಿ ಆನ್ ಮಾಡಬೇಕು. ಕ್ರೋಮ್ ತೆಗೆದೇ ಹಾಕಿದೆ. ಹಾಗಾಗಿ ಹೆಚ್ಚಿನವರಿಗೆ ಸುಲಭದ ದಾರಿ ಸ್ಟೈಲಸ್ ಎಂಬ ಉಚಿತ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ. ಬರೀ ಕಪ್ಪಾದರೆ ಸಾಕು ಅಂದರೆ ಡಾರ್ಕ್ ರೀಡರ್ ಎಂಬ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ, ಒಂದು ಸಾಲೂ ಬರೆಯಬೇಕಿಲ್ಲ. ನಿಮಗೆ ಹಿಡಿಸಿದ ಬಣ್ಣವೇ ಬೇಕು ಅಂದರೆ ಸ್ಟೈಲಸ್.

ಆ ಸೈಟ್ ತೆರೆದು, ಸ್ಟೈಲಸ್ ಐಕಾನ್ ಒತ್ತಿ, ಸೈಟಿನ ವಿಳಾಸಕ್ಕೆ ಹೊಸ ಸ್ಟೈಲ್ ಶುರು ಮಾಡಿ. ಹಿನ್ನೆಲೆ, ಅಕ್ಷರ, ಲಿಂಕ್, ಮೊದಲಿಗೆ ಈ ಮೂರರ ಬಣ್ಣ ಸಾಕು. ಹಿನ್ನೆಲೆ ಬದಲಿಸಿದರೆ ಅಕ್ಷರದ ಬಣ್ಣವನ್ನೂ ಜೊತೆಗೇ ಬರೆಯಿರಿ. ಇಲ್ಲದಿದ್ದರೆ ಕಪ್ಪಿನ ಮೇಲೆ ಕಪ್ಪು ಅಕ್ಷರ ಕೂತು ಏನೂ ಕಾಣುವುದಿಲ್ಲ. ಸರ್ಚ್ ಬಾಕ್ಸ್ ಒಳಗೂ ಒಮ್ಮೆ ಟೈಪ್ ಮಾಡಿ ನೋಡಿ, ಎಷ್ಟೋ ಸ್ಟೈಲ್‌ಗಳು ಎಡವುವುದು ಅಲ್ಲೇ.

ಬರೆದದ್ದು ಅಂಟುತ್ತಿಲ್ಲ ಅನ್ನಿಸಿದರೆ ಸಾಲಿನ ಕೊನೆಗೆ 'ಇಂಪಾರ್ಟೆಂಟ್' ಗುರುತು ಹಾಕಿ. ಅದಕ್ಕೂ ಮೊದಲು ಇನ್ನೊಂದು ನೋಡಿ. ಈಗಿನ ಬಹಳಷ್ಟು ಸೈಟ್‌ಗಳು ತಮ್ಮ ಬಣ್ಣಗಳಿಗೆ ಹೆಸರು ಕೊಟ್ಟು ಒಂದೇ ಕಡೆ ಇಟ್ಟಿರುತ್ತವೆ. ಇವೇ ಸಿಎಸ್‌ಎಸ್ ವೇರಿಯಬಲ್‌ಗಳು. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆದರೆ ಸಿಗುತ್ತವೆ. ಆ ಹೆಸರುಗಳಿಗೆ ಹೊಸ ಬಣ್ಣ ಕೊಟ್ಟರೆ ಇಡೀ ಸೈಟ್ ಒಟ್ಟಿಗೆ ಬದಲಾಗುತ್ತದೆ. ಬಟನ್, ಮೆನು ಅಂತ ಒಂದೊಂದನ್ನೇ ಬೆನ್ನು ಹತ್ತುವ ಕೆಲಸ ತಪ್ಪುತ್ತದೆ.

ಯಾವ ಬಣ್ಣ ಅಂತ ತೋಚದಿದ್ದರೆ ಬೇರೆಯವರು ಹೊಂದಿಸಿಟ್ಟ ಬಣ್ಣಗಳನ್ನೇ ತೆಗೆದುಕೊಳ್ಳಿ. ಈಥನ್ ಸ್ಕೂನೋವರ್ 2011ರಲ್ಲಿ ಹೊರತಂದ ಸೋಲರೈಸ್ಡ್‌ನಲ್ಲಿ 16 ಬಣ್ಣಗಳಿವೆ. ಅದರ ತಿಳಿ ಕೆನೆ ಹಿನ್ನೆಲೆ ಹಗಲಿಗೆ ಚೆನ್ನ. ಕ್ಯಾಟ್‌ಪುಚಿನ್ ಎಂಬ ಇನ್ನೊಂದು ಬಣ್ಣಗಳ ಗುಂಪಿನ ತಂಡ ಹೆಸರಾಂತ ಸೈಟ್‌ಗಳಿಗೆ ಸಿದ್ಧ ಸ್ಟೈಲ್‌ಗಳನ್ನೇ ಕೊಡುತ್ತದೆ. ಏನೇ ಆರಿಸಿದರೂ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಬೆಳಕಿನ ಅಂತರ, ಕನಿಷ್ಠ 4.5ಕ್ಕೆ 1 ಇರಲಿ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ವೆಬ್ ಮಾನದಂಡ ಹೇಳುವುದು ಇಷ್ಟು. ಕನ್ನಡ ಓದುವವರಾದರೆ ಇನ್ನೂ ಜಾಸ್ತಿ ಇಟ್ಟುಕೊಳ್ಳಿ ಅನ್ನುತ್ತೇನೆ. ನಮ್ಮ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಬೂದು ಬಣ್ಣದಲ್ಲಿ ಮೊದಲು ಮಸುಕಾಗುವುದು ಅವೇ. ಸಾಲುಗಳ ನಡುವಿನ ಜಾಗವನ್ನೂ ಅದೇ ಸ್ಟೈಲ್‌ನಲ್ಲಿ ಸ್ವಲ್ಪ ಹೆಚ್ಚಿಸಿ. ಕೆಳಗಿನ ಒತ್ತುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಇನ್ನು ಸೇಫಾ ಅನ್ನುವ ಪ್ರಶ್ನೆ. ನೀವೇ ಬರೆದ ಬಣ್ಣದ ಸಾಲುಗಳಿಂದ ಭಯ ಇಲ್ಲ. ಎಚ್ಚರ ಬೇಕಾದದ್ದು ಎಕ್ಸ್‌ಟೆನ್ಷನ್ ಬಗ್ಗೆ, ಯಾಕೆಂದರೆ ನೀವು ತೆರೆಯುವ ಎಲ್ಲ ಸೈಟ್‌ಗಳನ್ನು ನೋಡುವ ಅನುಮತಿ ಅದಕ್ಕಿರುತ್ತದೆ. ಮೊದಲು ಸ್ಟೈಲಿಶ್ ಎಂಬ ಎಕ್ಸ್‌ಟೆನ್ಷನ್ ತುಂಬಾ ಬಳಕೆಯಲ್ಲಿತ್ತು. ಅದು ಕೈ ಬದಲಾದ ಮೇಲೆ ಬಳಕೆದಾರರ ಬ್ರೌಸಿಂಗ್ ಇತಿಹಾಸವನ್ನು ಹೊರಗೆ ಕಳಿಸುತ್ತಿದೆ ಅನ್ನುವುದು 2018ರ ಜುಲೈನಲ್ಲಿ ಬಯಲಾಯಿತು. ಮೊಜಿಲ್ಲಾ, ಗೂಗಲ್ ಎರಡೂ ಆಗ ಅದನ್ನು ತೆಗೆದುಹಾಕಿದವು. ಅದರ ಹಳೆಯ ಕೋಡ್‌ನಿಂದಲೇ ಕವಲೊಡೆದದ್ದು ಸ್ಟೈಲಸ್. ಇದರ ಕೋಡ್ ಎಲ್ಲರಿಗೂ ಮುಕ್ತ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಹಾಕಿಕೊಳ್ಳುವಾಗ ಸರಿಯಾಗಿ ನೋಡಿ. ಬೇರೆಯವರ ಸ್ಟೈಲ್ ತಂದರೆ ಅದನ್ನೂ ಒಮ್ಮೆ ಓದಿ. ಸಿಎಸ್‌ಎಸ್ ಹೊರಗಿನ ಸರ್ವರಿನಿಂದ ಚಿತ್ರ ತರಿಸಬಲ್ಲದು, ಆಗ ನೀವು ಪುಟ ತೆರೆದದ್ದು ಆ ಸರ್ವರಿಗೆ ತಿಳಿಯಬಹುದು. ಬಣ್ಣ ಬದಲಿಸುವ ಸ್ಟೈಲ್‌ನಲ್ಲಿ ಗುರುತಿಲ್ಲದ ವಿಳಾಸ ಕಂಡರೆ ಆ ಸಾಲು ಅಳಿಸಿಬಿಡಿ. ಬ್ಯಾಂಕ್ ಸೈಟ್‌ಗೆ ಮಾತ್ರ ಸುಮ್ನೆ ಯಾವ ಸ್ಟೈಲೂ ಹಾಕಬೇಡಿ.

ಫೋನ್‌ನಲ್ಲಿ ಓದುವವರಾದರೆ, ಆಂಡ್ರಾಯ್ಡ್‌ನ ಫೈರ್‌ಫಾಕ್ಸ್‌ನಲ್ಲೂ ಸ್ಟೈಲಸ್ ನಡೆಯುತ್ತದೆ. ಕಂಪ್ಯೂಟರ್‌ನಲ್ಲಿ ಬರೆದು ಎಕ್ಸ್‌ಪೋರ್ಟ್ ಮಾಡಿ, ಆ ಫೈಲನ್ನು ಫೋನ್‌ಗೆ ಹಾಕಿಕೊಳ್ಳಿ. ಅಷ್ಟು ಚಿಕ್ಕ ಪರದೆಯಲ್ಲಿ ಕೋಡ್ ಬರೆಯುವುದು ಕಷ್ಟ ಅಲ್ವಾ.