ದಿನಕ್ಕೊಂದು ಮಿಲಿಮೀಟರ್

ಕನ್ನಡದಲ್ಲಿ ‘ನರ’ ಎಂಬ ಮಾತಿನ ಮೇಲೆ ಹೊರೆ ಹೆಚ್ಚು. ಮುಂಗೈ ಮೇಲೆ ಹಸಿರಾಗಿ ಉಬ್ಬಿ ಕಾಣುವ ರಕ್ತನಾಳವನ್ನೂ ನರವೆನ್ನುತ್ತೇವೆ, ಕತ್ತು ಹಿಡಿದುಕೊಂಡಾಗ ನೋಯುವ ಸ್ನಾಯುವನ್ನೂ ನರವೆನ್ನುತ್ತೇವೆ, ಮಿದುಳಿನ ಆಜ್ಞೆಯನ್ನು ಬೆರಳ ತುದಿಗೆ ಒಯ್ಯುವ ತಂತುವನ್ನೂ ನರವೆಂದೇ ಕರೆಯುತ್ತೇವೆ. ಈ ಗೊಂದಲ ನಮ್ಮದು ಮಾತ್ರವಲ್ಲ. ಗ್ರೀಕರ ‘ನ್ಯೂರಾನ್’ ಎಂಬ ಪದ ಮೊದಲು ಬಿಲ್ಲಿನ ಹೆದೆಗೂ ಸ್ನಾಯುರಜ್ಜುವಿಗೂ ಸಲ್ಲುತ್ತಿತ್ತು. ನಮಗೆ ಮಾಂಸಖಂಡವಾಗಿರುವ ‘ಸ್ನಾಯು’ ಬಂಗಾಳಿಗಳಿಗೆ ಇಂದಿಗೂ ನರ. ಪದ ಯಾವುದಾದರೂ ಇರಲಿ ಎಂದು ಸುಮ್ಮನಿರಬಹುದಿತ್ತು. ಆದರೆ ಪೆಟ್ಟಿನಿಂದ ಪಾದದ ಸ್ವಾಧೀನ ತಪ್ಪಿದವರ ಮನೆಯಲ್ಲಿ ಈ ಗೊಂದಲವೇ ಚಿಕಿತ್ಸೆಯನ್ನು ನಿರ್ಧರಿಸಿಬಿಡುತ್ತದೆ. ‘ನರ ಜಗ್ಗಿದೆ’ ಎಂದವರು ಎಣ್ಣೆ ಹಚ್ಚಿ ನೀವುತ್ತಾರೆ, ‘ನರ ಸತ್ತಿದೆ’ ಎಂದವರು ಕೈಚೆಲ್ಲುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ಈ ಎರಡು ಮಾತೂ ತಪ್ಪು.

ಕಾಲಿನಲ್ಲಿ ಅತಿ ಸುಲಭವಾಗಿ ಪೆಟ್ಟು ತಿನ್ನುವುದು ಪೆರೋನಿಯಲ್ ನರ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಕೈಗೆ ಸಿಗುವ ಎಲುಬಿನ ಗಂಟೊಂದಿದೆ. ಅದರ ಕೊರಳನ್ನು ಬಳಸಿಕೊಂಡು, ಚರ್ಮದ ಅಡಿಯಲ್ಲೇ, ಯಾವ ಮಾಂಸದ ಹೊದಿಕೆಯೂ ಇಲ್ಲದೆ ಈ ನರ ಹಾದುಹೋಗುತ್ತದೆ. ಬೈಕಿನಿಂದ ಬಿದ್ದು ಅಲ್ಲಿ ಎಲುಬು ಮುರಿದರೂ ಸಾಕು, ಬಿಗಿಯಾದ ಪ್ಲಾಸ್ಟರ್ ಒತ್ತಿದರೂ ಸಾಕು, ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕುಳಿತು ಕೆಲಸ ಮಾಡಿದರೂ ಕೆಲವೊಮ್ಮೆ ಸಾಕು, ಪಾದ ಜೋತುಬೀಳುತ್ತದೆ. ಮುಂಗಾಲನ್ನು ಮೇಲೆತ್ತಲು ಆಗುವುದಿಲ್ಲ, ಬೆರಳು ನೆಲಕ್ಕೆ ತಾಗಿ ಎಡವುತ್ತದೆ, ಪಾದದ ಮೇಲ್ಭಾಗಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ, ನಡೆಯುತ್ತಿದ್ದಂತೆಯೇ ಚಪ್ಪಲಿ ಕಳಚಿ ಹಿಂದೆ ಉಳಿದಿರುತ್ತದೆ.

ಹೀಗಾದಾಗ ಕೇಳಬೇಕಾದ ಮೊದಲ ಪ್ರಶ್ನೆ, ನರದ ಯಾವ ಪದರಕ್ಕೆ ಏಟು ಬಿದ್ದಿದೆ ಎಂಬುದು. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡುತ್ತಿದ್ದ ಬ್ರಿಟಿಷ್ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ನರದ ಗಾಯಗಳನ್ನು ಮೂರಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ತಂತು ಇಡಿಯಾಗಿಯೇ ಉಳಿದಿರುತ್ತದೆ, ಸಂದೇಶ ಮಾತ್ರ ತಡೆದು ನಿಂತಿರುತ್ತದೆ. ಇದು ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ. ಎರಡನೆಯದರಲ್ಲಿ ಒಳಗಿನ ತಂತು ತುಂಡಾಗಿದ್ದು, ಅದನ್ನು ಸುತ್ತಿರುವ ಕೊಳವೆ ಉಳಿದಿರುತ್ತದೆ. ಮೂರನೆಯದರಲ್ಲಿ ಎಲ್ಲವೂ ಹರಿದಿರುತ್ತದೆ, ಶಸ್ತ್ರಚಿಕಿತ್ಸೆಯಿಲ್ಲದೆ ಅದು ಕೂಡುವುದಿಲ್ಲ. 1951ರಲ್ಲಿ ಮೆಲ್ಬರ್ನ್‌ನ ಸಿಡ್ನಿ ಸಂಡರ್‌ಲ್ಯಾಂಡ್ ಇದನ್ನೇ ಐದು ಹಂತಗಳಾಗಿ ವಿಸ್ತರಿಸಿದರು. ನಾನು ಇಲ್ಲಿ ಬಹುಮಟ್ಟಿಗೆ ಎರಡನೆಯ ಬಗೆಯ ಕುರಿತೇ ಹೇಳಬಯಸುತ್ತೇನೆ, ಏಕೆಂದರೆ ನಿಸರ್ಗದ ಅತ್ಯಂತ ಸೊಗಸಾದ ದುರಸ್ತಿ ಕಾರ್ಯವೊಂದು ಅಲ್ಲಿ ನಡೆಯುತ್ತದೆ.

ನಮ್ಮ ಪಾದವನ್ನು ಆಡಿಸುವ ನರಕೋಶದ ಒಡಲು ಪಾದದಲ್ಲಿಲ್ಲ, ಕಾಲಿನಲ್ಲೂ ಇಲ್ಲ. ಅದು ಬೆನ್ನುಹುರಿಯ ಕೆಳಭಾಗದಲ್ಲಿದೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗವನ್ನೂ ಮೀರದ ಆ ಒಡಲಿನಿಂದ ಹೊರಟ ಒಂದೇ ಎಳೆ ಸುಮಾರು ಒಂದು ಮೀಟರ್ ದೂರ ಇಳಿದು ಪಾದವನ್ನು ಮುಟ್ಟುತ್ತದೆ. ಕೋಶದ ಒಡಲನ್ನು ತೆಂಗಿನಕಾಯಿಯಷ್ಟು ದೊಡ್ಡದೆಂದು ಭಾವಿಸಿದರೆ, ಆ ಎಳೆ ಎರಡು ಮೂರು ಕಿಲೋಮೀಟರ್ ಆಚೆಯ ಊರನ್ನು ತಲುಪಿರುತ್ತದೆ. ಆ ಊರಿನ ದಿನಸಿಯ ಬಹುಪಾಲು ಈ ತೆಂಗಿನಕಾಯಿಯೊಳಗೇ ತಯಾರಾಗಿ ಹೋಗಬೇಕು. ಆದ್ದರಿಂದ ಮಧ್ಯದಲ್ಲಿ ದಾರಿ ಕಡಿದಾಗ ಆಚೆಯ ತುಂಡು ಸಾಯುತ್ತದೆ, ಒಡಲಿಗೆ ಅಂಟಿಕೊಂಡ ತುಂಡು ಬದುಕುತ್ತದೆ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ, ತುಂಡಾದಾಚೆಯ ಭಾಗ ಹೇಗೆ ಪುಡಿಪುಡಿಯಾಗುತ್ತದೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದು ಇದನ್ನೇ.

‘ನರ ಸತ್ತಿದೆ’ ಎಂಬ ಮಾತಿನಲ್ಲಿ ನಿಜವಿರುವುದು ಇಷ್ಟೇ. ಮುಂದೆ ನಡೆಯುವುದನ್ನು ಆ ಮಾತು ಮರೆಮಾಡುತ್ತದೆ. ಎಳೆಯನ್ನು ಸುತ್ತಿಕೊಂಡಿದ್ದ ಶ್ವಾನ್ ಕೋಶಗಳು ಎಳೆ ಸತ್ತರೂ ಸಾಯುವುದಿಲ್ಲ. ಅವು ಕಸವನ್ನು ತೆರವುಗೊಳಿಸುತ್ತವೆ, ಹೊಸದಾಗಿ ವಿಭಜನೆಗೊಂಡು ಹಳೆಯ ಕೊಳವೆಯೊಳಗೆ ಸಾಲುಗಟ್ಟಿ ನಿಲ್ಲುತ್ತವೆ, ಬೆಳವಣಿಗೆಗೆ ಪ್ರೇರಣೆ ಕೊಡುವ ರಾಸಾಯನಿಕಗಳನ್ನು ಸುರಿಸುತ್ತವೆ. ಹಾಗಲಬಳ್ಳಿಗೆ ಹಂದರ ಹಾಕಿ ಕಾದಂತೆ ಎಂದರೆ ತಪ್ಪಾಗದು. ಇನ್ನು ಬಳ್ಳಿಯ ಕುಡಿ: 1890ರಲ್ಲಿ ಸ್ಪೇನ್ ದೇಶದ ಸ್ಯಾಂಟಿಯಾಗೊ ರಾಮೊನ್ ಇ ಕಹಾಲ್ ಭ್ರೂಣದ ನರ ಎಳೆಯ ತುದಿಯಲ್ಲಿ ಕಂಡ ‘ಬೆಳವಣಿಗೆಯ ಶಂಕು’ ಇಲ್ಲಿಯೂ ಮೂಡುತ್ತದೆ. ಅದು ಬೆರಳುಗಳಂಥ ಚಾಚುಗಳನ್ನು ಮುಂದೆ ಚಾಚಿ ತಡವುತ್ತದೆ, ಒಗ್ಗಿದ್ದನ್ನು ಹಿಡಿಯುತ್ತದೆ, ಒಗ್ಗದ್ದನ್ನು ಬಿಡುತ್ತದೆ, ಹಿಡಿದುದರ ಆಸರೆಯಲ್ಲಿ ತನ್ನನ್ನು ಎಳೆದುಕೊಳ್ಳುತ್ತದೆ. ಬಳ್ಳಿಗೆ ಹಂದರ ಎಷ್ಟು ಮುಖ್ಯವೋ ಬುಡದ ನೀರೂ ಅಷ್ಟೇ ಮುಖ್ಯ. 1948ರಲ್ಲಿ ಪಾಲ್ ವೈಸ್ ಮತ್ತು ಹೆಲೆನ್ ಹಿಸ್ಕೋ ನರವನ್ನು ಹಿಸುಕಿ ಕಟ್ಟಿ ನೋಡಿದಾಗ, ಕಟ್ಟಿದ ಜಾಗದ ಮೇಲ್ಬದಿಯಲ್ಲಿ, ಅಣೆಕಟ್ಟೆಯ ಹಿಂದೆ ನೀರು ನಿಂತಂತೆ, ಎಳೆ ಉಬ್ಬಿಕೊಂಡಿತು. ಅಂದರೆ ಒಡಲಿನಿಂದ ತುದಿಯತ್ತ ನಿರಂತರ ಸಾಗಣೆಯಿದೆ. ಅದರಲ್ಲಿ ಒಂದು ವೇಗದ ಸಾಗಣೆ, ದಿನಕ್ಕೆ 200ರಿಂದ 400 ಮಿಲಿಮೀಟರ್. ಇನ್ನೊಂದು ನಿಧಾನದ್ದು, ದಿನಕ್ಕೆ ಒಂದಿಷ್ಟು ಮಿಲಿಮೀಟರ್ ಮಾತ್ರ. ಎಳೆಯ ಅಸ್ಥಿಪಂಜರವನ್ನು ಕಟ್ಟುವ ಪ್ರೊಟೀನುಗಳು, ಅಂದರೆ ಹೊಸ ಮನೆಯ ಕಂಬ ತೊಲೆಗಳು, ಬರುವುದು ಈ ನಿಧಾನದ ಗಾಡಿಯಲ್ಲಿ. ಮನುಷ್ಯನ ನರ ಮರಳಿ ಬೆಳೆಯುವ ವೇಗವೂ ಸರಿಸುಮಾರು ದಿನಕ್ಕೆ ಒಂದು ಮಿಲಿಮೀಟರ್ ಇರುವುದು ಈ ಸಾಗಣೆಗೆ ಹೊಂದಿಕೊಳ್ಳುತ್ತದೆ. ಮರ ತಡವಾಗಿ ಬಂದರೆ ಬಡಗಿ ಎಷ್ಟೇ ಚುರುಕಾಗಿದ್ದರೂ ಮನೆ ಏಳದು.

ಆ ಒಂದು ಮಿಲಿಮೀಟರನ್ನು ಹಿಡಿದು ಲೆಕ್ಕ ಹಾಕಿದರೆ ರೋಗಿಯ ಅರ್ಧ ಆತಂಕ ಇಳಿಯುತ್ತದೆ ಎಂದು ನಾನು ನಂಬಿದ್ದೇನೆ. ಮೊಣಕಾಲ ಬಳಿ ಏಟು ಬಿದ್ದರೆ, ಪಾದವನ್ನೆತ್ತುವ ಮುಖ್ಯ ಸ್ನಾಯುವಿಗೆ ನರ ತಲುಪಬೇಕಾದ ದೂರ ಸುಮಾರು 10 ಸೆಂಟಿಮೀಟರ್. ಅದಕ್ಕೆ 100 ದಿನ ಬೇಕು, ಮೊದಲ ಮೊಳಕೆಗೆ ಹಿಡಿಯುವ ಕೆಲವು ವಾರಗಳು ಬೇರೆ. ಆದ್ದರಿಂದ ಎರಡನೆಯ ತಿಂಗಳಲ್ಲಿ ಪಾದ ಅಲುಗದಿರುವುದು ಸೋಲಿನ ಲಕ್ಷಣವಲ್ಲ. ಅದೇ ಪೃಷ್ಠದಲ್ಲಿ, ಸೊಂಟದ ಕೀಲು ತಪ್ಪಿಯೋ ತಪ್ಪು ಜಾಗಕ್ಕೆ ಚುಚ್ಚಿದ ಇಂಜೆಕ್ಷನ್‌ನಿಂದಲೋ, ಪೆರೋನಿಯಲ್ ನರ ಕವಲೊಡೆದು ಬರುವ ಸಯಾಟಿಕ್ ನರಕ್ಕೆ ಪೆಟ್ಟಾಗಿದ್ದರೆ ದೂರ ಅರ್ಧ ಮೀಟರನ್ನು ದಾಟುತ್ತದೆ, ಅಂದರೆ ಒಂದೂವರೆ ವರ್ಷ. ಇಲ್ಲಿ ಗಡಿಯಾರ ನಮ್ಮ ವಿರುದ್ಧ ಓಡುತ್ತದೆ. ನರವಿಲ್ಲದೆ ಉಳಿದ ಸ್ನಾಯು ಒಂದರಿಂದ ಒಂದೂವರೆ ವರ್ಷದೊಳಗೆ ಕೊಬ್ಬು ಮತ್ತು ನಾರಾಗಿ ಮಾರ್ಪಡತೊಡಗುತ್ತದೆ, ಹಂದರವಾಗಿ ನಿಂತ ಶ್ವಾನ್ ಕೋಶಗಳ ಹುರುಪೂ ತಿಂಗಳು ಕಳೆದಂತೆ ಕುಂದುತ್ತದೆ. ಹಾಗಾಗಿ ‘ತಾನಾಗಿ ಬರುತ್ತದೆ’ ಎಂದು ಕಾಯುತ್ತ ಕೂರುವುದೂ ಅಪಾಯವೇ. ಏಟು ಬಿದ್ದ ಮೂರ್ನಾಲ್ಕು ವಾರಗಳ ಬಳಿಕ ನರ ಮತ್ತು ಸ್ನಾಯುಗಳ ವಿದ್ಯುತ್ ಪರೀಕ್ಷೆ ಮಾಡಿಸಿ ಗಾಯದ ಬಗೆಯನ್ನು ತಿಳಿಯಬೇಕು. ಚೇತರಿಕೆಯ ಸುಳಿವೇ ಇಲ್ಲದೆ ತಿಂಗಳುಗಳು ಕಳೆದರೆ ಶಸ್ತ್ರವೈದ್ಯರನ್ನು ಕಾಣಲು ತಡಮಾಡಬಾರದು. ತುಂಡಾಗಿ ಬೇರೆಯಾದ ತುದಿಗಳನ್ನು ಯಾವ ಟಾನಿಕ್ಕೂ ತೈಲವೂ ಜೋಡಿಸಲಾರವು.

ಬೆಳವಣಿಗೆ ನಡೆಯುತ್ತಿದೆಯೇ ಎಂಬುದನ್ನು ಬೆರಳ ತುದಿಯಿಂದಲೇ ನೋಡುವ ಉಪಾಯವನ್ನು 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪಾಲ್ ಹಾಫ್‌ಮನ್ ಎದುರು ಪಾಳೆಯಗಳಲ್ಲಿದ್ದುಕೊಂಡೇ ಪ್ರಕಟಿಸಿದರು. ನರದ ದಾರಿಯುದ್ದಕ್ಕೂ ಮೆಲ್ಲಗೆ ತಟ್ಟುತ್ತ ಹೋದರೆ, ಎಳೆಯ ಕುಡಿಗಳು ತಲುಪಿರುವ ಜಾಗದಲ್ಲಿ ಪಾದದತ್ತ ಜುಮ್ಮೆನ್ನುತ್ತದೆ, ಮತ್ತು ಆ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತದೆ. ಟಿನೆಲ್ ಇದನ್ನು ಹೆಸರಿಸಲು ಬಳಸಿದ ಫ್ರೆಂಚ್ ಪದ ‘ಇರುವೆ’ಯಿಂದ ಬಂದದ್ದು, ನಾವೂ ‘ಇರುವೆ ಹರಿದಂತಾಗುತ್ತದೆ’ ಎಂದೇ ಹೇಳುತ್ತೇವೆ. ಜೋಮು ಹಿಡಿದ ಪಾದದಲ್ಲಿ ಹೊಸದಾಗಿ ಇರುವೆ ಹರಿಯತೊಡಗಿದರೆ ಬಹಳಷ್ಟು ಮಂದಿ ರೋಗ ಉಲ್ಬಣಿಸಿತೆಂದು ಹೆದರುತ್ತಾರೆ. ಕೆಳಗಿಳಿಯುತ್ತ ಹೋಗುವ ಇರುವೆ ಸಾಮಾನ್ಯವಾಗಿ ಶುಭಸೂಚನೆ. ಒಂದೇ ಕಡೆ ನಿಂತು ತಿಂಗಳುಗಟ್ಟಲೆ ಉರಿಯುವ ನೋವು ಮಾತ್ರ ಬೇರೆ, ಅದನ್ನು ವೈದ್ಯರಿಗೆ ತೋರಿಸಬೇಕು.

ಈ ಕಾಯುವ ಕಾಲದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸುವುದು ಶಾಖ ಕೊಡುವ ಅಭ್ಯಾಸ. ಸ್ಪರ್ಶವಿಲ್ಲದ ಪಾದಕ್ಕೆ ಕಾಯಿಸಿದ ಇಟ್ಟಿಗೆ, ಬಿಸಿನೀರಿನ ಚೀಲ ಇಟ್ಟರೆ ಚರ್ಮ ಬೇಯುತ್ತಿರುವುದು ರೋಗಿಗೆ ಗೊತ್ತೇ ಆಗುವುದಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳನ್ನು ಸರಿಪಡಿಸಲು ಶ್ರಮಿಸಿದ ಡಾ. ಪಾಲ್ ಬ್ರ್ಯಾಂಡ್ ಜಗತ್ತಿಗೆ ತಿಳಿಸಿಕೊಟ್ಟದ್ದು ಇದನ್ನೇ: ಆ ಬೆರಳುಗಳು ರೋಗದಿಂದ ಕೊಳೆತು ಉದುರುತ್ತಿರಲಿಲ್ಲ, ನೋವು ತಿಳಿಯದ್ದರಿಂದ ಮತ್ತೆ ಮತ್ತೆ ಗಾಯಗೊಂಡು ಸವೆಯುತ್ತಿದ್ದವು. ಆದ್ದರಿಂದ ಪ್ರತಿದಿನ ಸಂಜೆ ಪಾದದ ಮೇಲ್ಭಾಗ, ಅಂಗಾಲು, ಬೆರಳ ಸಂದುಗಳನ್ನು ಕಣ್ಣಿಂದ ನೋಡಬೇಕು, ಬರಿಗಾಲಿನಲ್ಲಿ ಓಡಾಡಬಾರದು. ಪಾದವನ್ನು ಎತ್ತಿ ಹಿಡಿಯುವ ಪಟ್ಟಿಯನ್ನು ಧರಿಸಬೇಕು, ಮೀನಖಂಡ ಬಿಗಿಯಾಗದಂತೆ ದಿನವೂ ಪಾದವನ್ನು ಕೈಯಿಂದ ಮೇಲಕ್ಕೆ ಮಡಿಸಿ ಹಿಗ್ಗಿಸಬೇಕು. ಇಲ್ಲವಾದರೆ ನರ ಬಂದು ತಲುಪುವ ಹೊತ್ತಿಗೆ ಕೀಲೇ ಸೆಟೆದುಕೊಂಡಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಬೆಳವಣಿಗೆ ಇನ್ನೂ ನಿಧಾನ. ನರ ಮರಳಲೇ ಇಲ್ಲವೆಂದಾದರೂ ದಾರಿ ಮುಚ್ಚುವುದಿಲ್ಲ: ಪಾದವನ್ನು ಒಳಕ್ಕೆ ಎಳೆಯುವ ಸ್ನಾಯುವಿನ ರಜ್ಜುವನ್ನು ಮುಂದಕ್ಕೆ ತಂದು ಹೊಲಿದು, ಜೋತುಬಿದ್ದ ಪಾದವನ್ನು ಎತ್ತುವಂತೆ ಮಾಡುವ ಶಸ್ತ್ರಚಿಕಿತ್ಸೆಯಿದೆ.

ಮರಳುವಿಕೆಗೆ ಒಂದು ಕ್ರಮವಿದೆ. ಮೊದಲು ಪಾದ ಸ್ವಲ್ಪವೇ ಮೇಲೇಳುತ್ತದೆ, ಆಮೇಲೆ ಹೆಬ್ಬೆರಳು ಎದ್ದೇಳುತ್ತದೆ. ಕೆಲವು ಕುಡಿಗಳು ಬೇರೆಯವರ ಕೊಳವೆಗೆ ಹೊಕ್ಕಿರುವುದರಿಂದ ಒಂದೆಡೆ ಮುಟ್ಟಿದರೆ ಇನ್ನೊಂದೆಡೆ ಮುಟ್ಟಿದಂತೆ ಅನಿಸಬಹುದು, ಅದನ್ನು ಮಿದುಳು ನಿಧಾನವಾಗಿ ತಿದ್ದಿಕೊಳ್ಳುತ್ತದೆ. ಪೆರೋನಿಯಲ್ ನರದ ಆಳದ ಕವಲಿಗೆ ಕಟ್ಟಕಡೆಯ ನಿಲ್ದಾಣ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವಿನ ಚರ್ಮ. ಮೊಣಕಾಲಿನಿಂದ ಅಲ್ಲಿಗೆ ಸುಮಾರು ಅರ್ಧ ಮೀಟರ್, ಸುಮಾರು 500 ದಿನ. ಚಪ್ಪಲಿಯ ಉಂಗುಷ್ಠ ಕೂರುವುದು ಅದೇ ಜಾಗದಲ್ಲಿ.