ಎಷ್ಟು ಅಡಿ ಆಳ ತೆಗೀಬೇಕು ಸಾರ್?

ಕೆರೆ ಕೆಲಸಕ್ಕೆ ಅಂತ ನನ್ನನ್ನು ಕರೆಯುವವರು ಎರಡು ಥರ. ಒಂದು, ಗ್ರಾಮ ಪಂಚಾಯ್ತಿಯವರು. ಇನ್ನೊಂದು, ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಎತ್ತಿಡುವ ದುಡ್ಡು, ಮಾರ್ಚ್ ಒಳಗೆ ಖರ್ಚಾಗಬೇಕು ಅಂತ ಬೆಂಗಳೂರಿನಿಂದ ಓಡಿಬರುವ ಕಂಪನಿಯವರು. ಕೆರೆಯ ಏರಿ ಹತ್ತುತ್ತಿದ್ದ ಹಾಗೇ ಇಬ್ಬರೂ ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಅಡಿ ಆಳ ತೆಗೀಬೇಕು ಸಾರ್?" ಶಿರಾದಲ್ಲೂ ಇದೇ, ಚಿಂತಾಮಣಿಯಲ್ಲೂ ಇದೇ, ಮುಳಬಾಗಿಲಿನಲ್ಲೂ ಇದೇ. ನೀರು ಎಲ್ಲಿಂದ ಬರುತ್ತದೆ, ಯಾವ ಹಕ್ಕಿ ಎಲ್ಲಿ ಇಳಿಯುತ್ತದೆ, ಬೇಸಿಗೆಯಲ್ಲಿ ಕುರಿ ಎಲ್ಲಿ ಮೇಯುತ್ತದೆ ಅಂತ ಕೇಳುವವರು ತುಂಬ ಕಡಿಮೆ.

ಹೂಳು ತೆಗೆಯಬೇಡಿ ಅಂತ ನಾನು ಹೇಳುತ್ತಿಲ್ಲ. ಪೋಷಕ ಕಾಲುವೆ ಬಿಡಿಸಬೇಕು, ಒತ್ತುವರಿ ತೆರವು ಮಾಡಬೇಕು, ಚರಂಡಿ ನೀರು ತಡೆಯಬೇಕು. ಇದೆಲ್ಲ ಎಲ್ಲರಿಗೂ ಗೊತ್ತು, ಇಲ್ಲಿ ಮತ್ತೆ ಬರೆಯುವುದಿಲ್ಲ. ನನಗೆ ತಲೆ ಕೆಡುವುದು ಬೇರೆ ವಿಷಯಕ್ಕೆ. ಇಡೀ ಕೆರೆಯನ್ನು ಒಂದೇ ಮಟ್ಟಕ್ಕೆ ಅಗೆದು, ಸುತ್ತ ಕಲ್ಲು ಕಟ್ಟಿ, ಮೇಲೊಂದು ವಾಕಿಂಗ್ ಪಾತ್ ಮಾಡಿ, ರಿಬ್ಬನ್ ಕತ್ತರಿಸಿ, ಜೀವವೈವಿಧ್ಯ ಉಳಿಸಿದೆವು ಅಂತ ಬೋರ್ಡ್ ಹಾಕುತ್ತಾರಲ್ಲ, ಅದಕ್ಕೆ.

ನಮ್ಮ ಹಿರಿಯರು ಕೆರೆಯನ್ನು ತೋಡಲಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ನೀರು ನಿಲ್ಲಿಸಿದರು. ಹಾಗಾಗಿ ಏರಿ ಪಕ್ಕ, ನೀರು ಹೊರಗೆ ಬಿಡುವ ತೂಬಿನ ಹತ್ತಿರ ಆಳ ಜಾಸ್ತಿ. ಹಿನ್ನೀರಿನ ಕಡೆ ಹೋದ ಹಾಗೆಲ್ಲ ನೀರು ತೆಳುವಾಗುತ್ತಾ, ಮೊಣಕಾಲಾಗಿ, ಪಾದ ನೆನೆಯುವಷ್ಟಾಗಿ, ಕೊನೆಗೆ ಹುಲ್ಲಿನಲ್ಲಿ ಮುಗಿಯುತ್ತದೆ. ಊರಿನವರಿಗೆ ಏರಿ ಕಡೆಯದು ಮಾತ್ರ ಕೆರೆ. ಹಕ್ಕಿ, ಕಪ್ಪೆ, ಮೀನಿನ ಮರಿಗೆ ಆ ತೆಳು ನೀರೇ ಕೆರೆ.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಎಂಜಿನಿಯರುಗಳಿಗೂ ಇದನ್ನೇ ಹೇಳುತ್ತೇನೆ, ತಲೆ ಆಡಿಸುತ್ತಾರೆ, ಎಸ್ಟಿಮೇಟ್ ಮಾತ್ರ ಹಳೆಯದೇ ಬರುತ್ತದೆ. ಹಿನ್ನೀರಿನ ಕಡೆ 50 ಮೀಟರ್ ನಡೆದರೆ ಒಂದು ಮೀಟರ್ ಆಳ ಸಿಗುವಂಥ ಇಳಿಜಾರು ಇದೆ ಅಂದುಕೊಳ್ಳಿ. ಅಲ್ಲಿ 20 ಸೆಂಟಿಮೀಟರ್ ಒಳಗಿನ ನೀರಿನ ಪಟ್ಟಿ 10 ಮೀಟರ್ ಅಗಲ ಇರುತ್ತದೆ. ಅಂಥ ದಡ ಒಂದು ಕಿಲೋಮೀಟರ್ ಇದ್ದರೆ 10,000 ಚದರ ಮೀಟರ್, ಅಂದರೆ ಎರಡೂವರೆ ಎಕರೆಗೆ ಸ್ವಲ್ಪ ಕಡಿಮೆ. ಈಗ ಅದೇ ದಡವನ್ನು ಕಡಿದು ಕಲ್ಲು ಕಟ್ಟಿ. ಸಾಮಾನ್ಯವಾಗಿ ಒಂದು ಮೀಟರ್ ಎತ್ತರಕ್ಕೆ ಒಂದೂವರೆ ಮೀಟರ್ ಇಳಿಜಾರು ಕೊಡುತ್ತಾರೆ. ತೆಳು ನೀರಿನ ಪಟ್ಟಿಯ ಅಗಲ 30 ಸೆಂಟಿಮೀಟರಿಗೆ ಇಳಿಯುತ್ತದೆ. ಕಿಲೋಮೀಟರಿಗೆ 300 ಚದರ ಮೀಟರ್. ಮೂರು ಗುಂಟೆಯೂ ಇಲ್ಲ! ಎರಡೂವರೆ ಎಕರೆ ಗದ್ದೆ ತೆಗೆದುಕೊಂಡು ಮೂರು ಗುಂಟೆ ಕೊಟ್ಟರೆ ಯಾವ ರೈತ ಒಪ್ಪುತ್ತಾನೆ?

ಮೆಟ್ಟುಗಾಲು ಹಕ್ಕಿಯ ಕಾಲು ಎಷ್ಟು ಉದ್ದವಿದ್ದರೂ ಮೀಟರ್ ಆಳಕ್ಕೆ ನಿಲ್ಲುವುದಿಲ್ಲ. ಚಳಿಗಾಲಕ್ಕೆ ದೂರದಿಂದ ಬರುವ ಗದ್ದೆಗೊರವಕ್ಕೆ ನಾಲ್ಕು ಬೆರಳು ನೀರು, ಮೆತ್ತನೆ ಕೆಸರು ಸಾಕು, ಆದರೆ ಅದು ಬೇಕೇ ಬೇಕು. ಇಂಥ ಕಡೆ ಬೆಳಕು ತಳದವರೆಗೂ ಹೋಗುತ್ತದೆ, ಅದಕ್ಕೇ ಅಲ್ಲಿ ಗಿಡ ಬೇರು ಬಿಡುತ್ತದೆ, ಹುಳ ಹುಟ್ಟುತ್ತದೆ. ಆಳ ಮಾಡಿದ ಕೆರೆಗೂ ಹಕ್ಕಿ ಬರುತ್ತದೆ, ಇಲ್ಲ ಅನ್ನುವುದಿಲ್ಲ. ನೀರುಕಾಗೆ, ಗುಳುಮುಳುಕದಂಥ ಮುಳುಗು ಹಾಕುವ ಹಕ್ಕಿಗಳಿಗೆ ಅಲ್ಲಿ ತೊಂದರೆ ಇಲ್ಲ. ಫೋಟೋದಲ್ಲಿ ನೀರು ನೀಲಿ ಕಾಣುತ್ತದೆ. ಹಕ್ಕಿಗಳ ಪಟ್ಟಿ ಮಾಡಲು ಕೂತಾಗ ಗೊತ್ತಾಗುತ್ತದೆ ಯಾರೆಲ್ಲ ಬಿಟ್ಟುಹೋದರು ಅಂತ.

ಶಿರಾ ತಾಲ್ಲೂಕಿನ ಕಗ್ಗಲಡು ನೆನಪಿಸಿಕೊಳ್ಳಿ. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆ ಊರಿನವರು ಅವನ್ನು ನೋಡಿಕೊಳ್ಳುವ ರೀತಿ ನನಗೆ ತುಂಬ ಇಷ್ಟ. ಯಾರಾದರೂ ಜೋರಾಗಿ ಕೂಗಿದರೆ ಅಜ್ಜಿಯಂದಿರೇ ಗದರುತ್ತಾರೆ. ಆದರೆ ಕೊಕ್ಕರೆ ಹುಣಸೆಹಣ್ಣು ತಿನ್ನುವುದಿಲ್ಲ. ಅದು ಕೊಕ್ಕನ್ನು ಅರ್ಧ ತೆರೆದು ತೆಳು ನೀರಿನಲ್ಲಿ ಅದ್ದಿ, ಆ ಕಡೆ ಈ ಕಡೆ ಆಡಿಸುತ್ತಾ, ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಮೀನು ಕೊಕ್ಕಿಗೆ ತಾಗಿದ ಕೂಡಲೇ ಕಚ್ಚುತ್ತದೆ. ಕಣ್ಣಿಗಿಂತ ಸ್ಪರ್ಶವೇ ಅದಕ್ಕೆ ಮುಖ್ಯ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ಮೀನೆಲ್ಲ ಸಣ್ಣ ಜಾಗಕ್ಕೆ ಸೇರಿಕೊಳ್ಳುತ್ತವೆ. ಗೂಡಿನಲ್ಲಿ ಹಸಿದ ಮರಿ ಇರುವ ಹೊತ್ತಿಗೆ ಆಹಾರ ಸುಲಭವಾಗಿ ಸಿಗುವುದು ಹೀಗೆ. ಸುತ್ತಲಿನ ಕೆರೆಗಳನ್ನೆಲ್ಲ ಒಂದೇ ಸಮ ಆಳ ಮಾಡಿಟ್ಟು ಮರಕ್ಕೆ ಮಾತ್ರ ಬೇಲಿ ಹಾಕಿದರೆ ಕೊಕ್ಕರೆ ಎಲ್ಲಿ ಉಣ್ಣಬೇಕು?

ಗುಬ್ಬಿ ಕಡೆಯ ಪಂಚಾಯ್ತಿ ಸದಸ್ಯರೊಬ್ಬರು ನನ್ನ ಲೆಕ್ಕ ಕೇಳಿ ತಿರುಗಿ ಕೇಳಿದರು, "ಹಂಗಾದ್ರೆ ಎರಡೂವರೆ ಎಕರೆ ನೀರು ಸುಮ್ನೆ ಆವಿಯಾಗಿ ಹೋಯ್ತದೆ ಅಲ್ವಾ ಸಾರ್?" ನ್ಯಾಯವಾದ ಪ್ರಶ್ನೆ. ನಮ್ಮ ಬಯಲುಸೀಮೆಯಲ್ಲಿ ಬಿಸಿಲಿಗೆ ತೆರೆದ ನೀರು ವರ್ಷಕ್ಕೆ ಒಂದೂವರೆ ಮೀಟರಿಗೂ ಜಾಸ್ತಿ ಹಾರಿಹೋಗುತ್ತದೆ. ಆದರೆ ಆ ಪಟ್ಟಿಯಲ್ಲಿ ಒಂದು ಹೊತ್ತಿಗೆ ನಿಲ್ಲುವ ನೀರೇ ಸುಮಾರು 10 ಲಕ್ಷ ಲೀಟರ್. ಕೆರೆಯ ಒಟ್ಟು ನೀರಿನ ಮುಂದೆ ಅದು ಸಣ್ಣದು. ನೀರು ಉಳಿಸಬೇಕಾದರೆ ಏರಿ ಕಡೆಯ ಮೂರನೇ ಒಂದು ಭಾಗದಲ್ಲಿ ಹೂಳು ತೆಗೆಯಿರಿ, ಹಿನ್ನೀರಿನ ಕಡೆ ಕೈ ಹಾಕಬೇಡಿ. ನಾನು ಸಾಮಾನ್ಯವಾಗಿ ಹೇಳುವುದು ಇಷ್ಟು. ಎಲ್ಲ ಕೆರೆಗೂ ಇದೇ ಅಳತೆ ಅಂತ ಹಿಡಿದುಕೊಳ್ಳಬೇಡಿ, ಮೊದಲು ಮಟ್ಟದ ಸರ್ವೆ ಆಗಲಿ. ಇನ್ನೊಂದು ಮಾತು. ತೂಬಿನ ತಳಕ್ಕಿಂತ ಕೆಳಗೆ ತೋಡಿದ ನೀರು ತಾನಾಗಿ ಅಚ್ಚುಕಟ್ಟಿಗೆ, ಅಂದರೆ ಕೆರೆ ಕೆಳಗಿನ ಗದ್ದೆಗಳಿಗೆ, ಹರಿಯುವುದಿಲ್ಲ. ದನಕ್ಕೆ, ಮೀನಿಗೆ, ಅಂತರ್ಜಲಕ್ಕೆ ಅದು ಬೇಕಾಗಬಹುದು, ಸರಿ. ಆದರೆ ಗದ್ದೆಗೆ ಬರುತ್ತದೆ ಅಂತ ಕಾಯಬೇಡಿ. ಇಟ್ಟಿಗೆ ಗೂಡಿಗೆ, ಲೇಔಟಿಗೆ ಮಣ್ಣು ಹೊಡೆದು ಬಿಟ್ಟುಹೋದ ಗುಂಡಿಗಳ ಕಥೆಯೇ ಬೇರೆ. ಮಳೆ ಬಂದ ಮೇಲೆ ಅವುಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ.

ಕೆರೆ ಒಣಗಿದರೆ ಸತ್ತಿತು ಅನ್ನುವುದೂ ಇದೇ ತಪ್ಪಿನ ಇನ್ನೊಂದು ಮುಖ. ಒಣಗಿದ ಕೆರೆಯಂಗಳದಲ್ಲಿ ಬೀಜ ಕಾಯುತ್ತಿರುತ್ತದೆ. ಬಸವನಹುಳು ಬಾಯಿ ಮುಚ್ಚಿಕೊಂಡು ಕೆಸರಲ್ಲಿ ಮಲಗಿರುತ್ತದೆ. ಕೆಲವು ಕಪ್ಪೆಗಳು ಮಣ್ಣೊಳಗೆ ಹೂತುಕೊಂಡಿರುತ್ತವೆ. ಮೊದಲ ಮಳೆಗೆ ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ಇದಕ್ಕೇ ಕೋಲಾರದ ಕೆಲವು ಕೆರೆಗಳ ಬಗ್ಗೆ ನನಗೆ ಎರಡು ಮನಸ್ಸು. ಬೆಂಗಳೂರಿನ ಚರಂಡಿ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಹರಿಸುವ ಯೋಜನೆ ಅದು. ಆಮೇಲೆ ಚಿಕ್ಕಬಳ್ಳಾಪುರದ ಕಡೆಗೆ ಅಂಥದೇ ಎಚ್.ಎನ್. ವ್ಯಾಲಿ ಯೋಜನೆ, ದಿನಕ್ಕೆ 21 ಕೋಟಿ ಲೀಟರ್. ಬತ್ತಿದ ಬೋರ್‌ವೆಲ್ಲಿನಲ್ಲಿ ನೀರು ಕಂಡ ರೈತನ ಮುಂದೆ ನಿಂತು ಇದು ಬೇಡ ಅನ್ನುವ ಧೈರ್ಯ ನನಗಿಲ್ಲ, ಅನ್ನಬೇಕಾಗಿಯೂ ಇಲ್ಲ. ಆದರೆ ಎರಡು ಹಂತ ಮಾತ್ರ ಶುದ್ಧ ಮಾಡಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತದೆ. ಅದಕ್ಕೆ ಅಂತರಗಂಗೆ ಕಳೆ ಹುಲುಸಾಗಿ ಬೆಳೆಯುತ್ತದೆ. ವರ್ಷವಿಡೀ ತುಂಬಿಯೇ ಇರುವ ಕೆರೆಯಲ್ಲಿ ಕೆಸರು ಬಯಲೇ ಬರುವುದಿಲ್ಲ. ಸಾಲು ಕೆರೆಗಳಲ್ಲಿ ಒಂದೆರಡನ್ನಾದರೂ ಬೇಸಿಗೆಯಲ್ಲಿ ಇಳಿಯಲು ಬಿಡಬಹುದೇ ಅಂತ ಯೋಚಿಸಬೇಕು.

ಇನ್ನು ಜಾಲಿ. "ಕ್ಲೀನ್ ಮಾಡಿ" ಅಂದರೆ ಸಾಕು, ಜೆಸಿಬಿಯವನಿಗೆ ಎಲ್ಲ ಮುಳ್ಳೂ ಒಂದೇ. ಬಳ್ಳಾರಿ ಜಾಲಿ ಹೊರಗಿನಿಂದ ಬಂದು ಹಬ್ಬಿದ್ದು, ಬೇರು ಸಹಿತ ತೆಗೆಯಿರಿ. ಕರಿಜಾಲಿ ಹಾಗಲ್ಲ. ನೀರಲ್ಲಿ ನಿಂತ ಕರಿಜಾಲಿ ಮೇಲೆ ಹಕ್ಕಿ ಗೂಡು ಕಟ್ಟುತ್ತದೆ, ಕೆಳಗೆ ನೀರಿದ್ದರೆ ನಾಯಿ, ಬೆಕ್ಕು ಹತ್ತಿರ ಬರುವುದಿಲ್ಲ. ವಿಜಯನಗರ ಜಿಲ್ಲೆಯ ಅಂಕಸಮುದ್ರ ಇಂಥ ಕರಿಜಾಲಿ ತುಂಬಿದ ಹಳ್ಳಿ ಕೆರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಯಾರಾದರೂ ಮೊದಲೇ ಕ್ಲೀನ್ ಮಾಡಿದ್ದರೆ? ಕೆರೆ ಮಧ್ಯೆ ಮಣ್ಣು ಗುಡ್ಡೆ ಹಾಕಿ ಪಕ್ಷಿ ದ್ವೀಪ ಅನ್ನುವವರಿಗೂ ಇದೇ ಮಾತು. ಕಡಿದಾದ ಗುಡ್ಡೆ, ಮೇಲೆ ಹೂಗಿಡ, ಸುತ್ತ ಲೈಟು. ಅದು ಮಣ್ಣು ಸಾಗಿಸುವ ಖರ್ಚು ಉಳಿಸಿದ ದ್ವೀಪ.

ಕಾನೂನು ಕೇಳುತ್ತೀರಿ. ಕೇಂದ್ರದ 2017ರ ಜೌಗು ಪ್ರದೇಶ ನಿಯಮಗಳ ಪ್ರಕಾರ, ಹಿಂದಿನ ಹತ್ತು ವರ್ಷದ ಸರಾಸರಿ ಗರಿಷ್ಠ ನೀರಿನ ಮಟ್ಟದಿಂದ 50 ಮೀಟರ್ ಒಳಗೆ ದೋಣಿ ಕಟ್ಟೆ ಬಿಟ್ಟು ಬೇರೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಆದರೆ ನೀರಾವರಿಗೆ, ಕುಡಿಯುವ ನೀರಿಗೆ ಅಂತಲೇ ಕಟ್ಟಿದ ಕೆರೆಗಳನ್ನು ಅದೇ ನಿಯಮ ಹೊರಗಿಟ್ಟಿದೆ. ನಿಮ್ಮ ಕೆರೆ ಯಾವುದರಲ್ಲಿ ಬರುತ್ತದೆ ಅನ್ನುವುದನ್ನು ಟೆಂಡರಿಗೆ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ನಾನು ವಕೀಲನಲ್ಲ.

ಕೊನೆಗೆ ಕೆಲಸದ ತಿಂಗಳು. ಕೆರೆ ಒಣಗುವುದು ಬೇಸಿಗೆಯಲ್ಲಿ, ಜೆಸಿಬಿ ಇಳಿಯುವುದೂ ಆಗಲೇ. ಟಿಟ್ಟಿಭ ಹಕ್ಕಿ ಬರೀ ನೆಲದ ಮೇಲೆ ಮೊಟ್ಟೆ ಇಡುವುದೂ ಅದೇ ಹೊತ್ತಿಗೆ. ಅದಕ್ಕೆ ಒಂದು ವರ್ಷ ಏರಿಯ ಎಡಗಡೆ, ಮುಂದಿನ ವರ್ಷ ಬಲಗಡೆ ಅಂತ ಅರ್ಧರ್ಧ ಮಾಡಿ. ಹಿನ್ನೀರಿನ ಗಡಿಗೆ ಸುಣ್ಣದ ಗೆರೆ ಹಾಕಿ, ಗೂಟ ಹೊಡೆಸಿ, ಅದನ್ನು ದಾಟಬಾರದು ಅಂತ ಡ್ರೈವರಿಗೆ ನೀವೇ ಹೇಳಿ. ಕಂಟ್ರಾಕ್ಟರಿಗೆ ಹೇಳಿದ್ದು ಅವನ ತನಕ ಮುಟ್ಟುವುದಿಲ್ಲ. ಗಂಟೆ ಲೆಕ್ಕದಲ್ಲಿ ದುಡ್ಡು ಅಂತ ಮೊದಲೇ ಮಾತಾಡಿಕೊಳ್ಳಿ. ಲೋಡ್ ಲೆಕ್ಕ ಆದರೆ ಮಣ್ಣು ಸುಲಭವಾಗಿ ಸಿಗುವ ಕಡೆಗೇ ಗಾಡಿ ತಿರುಗುತ್ತದೆ, ಅದು ಹಿನ್ನೀರಿನ ಕಡೆಯೇ.