ಬಚಾಟಾ: ಪಾದದಿಂದ ಮೈಗೆ ಏರಿದ ಕುಣಿತ

ಇಂದು ಅಂತರ್ಜಾಲದಲ್ಲಿ ಬಚಾಟಾ ಎಂದು ಹುಡುಕಿದರೆ ಹೆಚ್ಚಾಗಿ ಸಿಗುವುದು ಒಂದೇ ಬಗೆಯ ವಿಡಿಯೊ. ನಿಧಾನಗತಿಯ ಹಾಡು, ಮೈಗೆ ಮೈ ತಾಗುವಷ್ಟು ಹತ್ತಿರ ನಿಂತ ಜೋಡಿ, ಎದೆಯಿಂದ ಸೊಂಟಕ್ಕೆ ಅಲೆಯಲೆಯಾಗಿ ಇಳಿಯುವ ಚಲನೆ, ಹಿಂದಕ್ಕೆ ಬಾಗಿ ಸುತ್ತುವ ತಲೆ. ಇದರ ಪೂರ್ತಿ ಹೆಸರು ಬಚಾಟಾ ಸೆನ್ಶುವಲ್. ರೂಪುಗೊಂಡಿದ್ದು ಸ್ಪೇನಿನ ದಕ್ಷಿಣ ಕರಾವಳಿಯ ಕಾಡಿಸ್‌ನಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ. ಅದಕ್ಕೂ ನಾಲ್ಕು ದಶಕ ಮೊದಲು ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಶುರುವಾದ ಮೂಲ ಬಚಾಟಾದಲ್ಲಿ ಕೆಲಸವೆಲ್ಲ ಪಾದಗಳದ್ದು.

ಆ ಆಚೆ ದಡ ಡೊಮಿನಿಕನ್ ಗಣರಾಜ್ಯ. 1930ರಿಂದ ಆ ದೇಶವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಸರ್ವಾಧಿಕಾರಿ ರಫಾಯೆಲ್ ಟ್ರುಹಿಯೊಗೆ ಮೆರೆಂಗೆ ಸಂಗೀತವೆಂದರೆ ಪ್ರೀತಿ. ಅದನ್ನೇ ರಾಷ್ಟ್ರದ ಸಂಗೀತವಾಗಿ ಬೆಳೆಸಿದ. ಗಿಟಾರ್ ಹಿಡಿದು ಬೊಲೆರೊ ಎಂಬ ನಿಧಾನಗತಿಯ ಪ್ರೇಮಗೀತೆ ಹಾಡುತ್ತಿದ್ದ ಹಳ್ಳಿಗರಿಗೆ ಧ್ವನಿಮುದ್ರಣದ ಬಾಗಿಲು ತೆರೆದಿರಲಿಲ್ಲ. 1961ರ ಮೇ 30ರಂದು ಟ್ರುಹಿಯೊ ಹತ್ಯೆಯಾಯಿತು. ಮರುವರ್ಷವೇ ಹೋಸೆ ಮಾನುಯೆಲ್ ಕಾಲ್ಡೆರಾನ್ ಹಾಡಿದ ಹಾಡುಗಳು ಮುದ್ರಣಗೊಂಡವು. ಬಚಾಟಾ ಎಂಬುದು ಕುಣಿತದಂತೆ ಸಂಗೀತದ ಹೆಸರೂ ಹೌದು; ಅದರ ಮೊದಲ ಧ್ವನಿಮುದ್ರಣಗಳೆಂದು ಇಂದು ಎಣಿಸುವುದು ಅವನ್ನೇ.

ಹಳ್ಳಿ ಬಿಟ್ಟು ರಾಜಧಾನಿ ಸಾಂತೊ ದೊಮಿಂಗೊದ ಬಡ ಕೇರಿಗಳಿಗೆ ಬಂದು ಸೇರಿದವರ ಹಾಡು ಇದು. ಕೈಬಿಟ್ಟುಹೋದ ಪ್ರೀತಿ, ಕುಡಿತ, ಕೈ ಖಾಲಿಯಾದ ಬದುಕು ಅದರ ವಸ್ತು. ಹೆಂಡದಂಗಡಿ, ವೇಶ್ಯಾಗೃಹಗಳಲ್ಲಿ ಬಾರಿಸುವ ಸಂಗೀತವೆಂದು ಉಳ್ಳವರು ಮೂಗು ಮುರಿದರು. ಹೆಚ್ಚಿನ ರೇಡಿಯೊ ಕೇಂದ್ರಗಳು ಅದನ್ನು ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ. ರಾಧಾಮೆಸ್ ಅರಾಸೆನಾ ನಡೆಸುತ್ತಿದ್ದ ರೇಡಿಯೊ ಗ್ವಾರಾಚಿತಾ ಮಾತ್ರ ಇದನ್ನು ಊರೂರಿಗೆ ಮುಟ್ಟಿಸಿತು. ಆ ಒಂದು ಕೇಂದ್ರ ಇಲ್ಲದಿದ್ದರೆ ಈ ಸಂಗೀತ ಎರಡು ದಶಕದ ತಾತ್ಸಾರವನ್ನು ದಾಟಿ ಉಳಿಯುವುದು ಬಹಳ ಕಷ್ಟವಿತ್ತು ಎಂದೇ ನನ್ನ ನಂಬಿಕೆ.

ಆಗಿನ ಕುಣಿತಕ್ಕೆ ಬೊಲೆರೊದ ಮೈಕಟ್ಟು. ಇಕ್ಕಟ್ಟಾದ ಜಾಗ, ಒಬ್ಬರನ್ನೊಬ್ಬರು ತಬ್ಬಿದ ಜೋಡಿ, ನೆಲದ ಮೇಲೆ ಚೌಕ ಬರೆದಂತೆ ಪುಟ್ಟ ಹೆಜ್ಜೆಗಳು. ಮೂರು ಹೆಜ್ಜೆ ಇಟ್ಟು ನಾಲ್ಕನೆಯ ಎಣಿಕೆಗೆ ಕಾಲನ್ನು ಮೆಲ್ಲನೆ ತಟ್ಟುವುದು, ಜೊತೆಗೆ ಸೊಂಟದ ಒಂದು ಸಣ್ಣ ಮಿಡಿತ. ಇಂದಿನ ಎಲ್ಲ ಶೈಲಿಗಳಲ್ಲೂ ಈ ನಾಲ್ಕರ ಲೆಕ್ಕ ಉಳಿದುಬಂದಿದೆ.

ಸಂಗೀತ ಚುರುಕಾದಂತೆ ಹೆಜ್ಜೆಯೂ ಚುರುಕಾಯಿತು. 1987ರಲ್ಲಿ ಬ್ಲಾಸ್ ಡುರಾನ್ ಎಲೆಕ್ಟ್ರಿಕ್ ಗಿಟಾರ್ ತಂದ. ಮರಾಕಾ ಗಿಲಕಿಗಳು ಹಿಂದೆ ಸರಿದು, ಲೋಹದ ಮೈಯನ್ನು ಕಡ್ಡಿಯಿಂದ ಕೆರೆದು ನುಡಿಸುವ ಗ್ವಿರಾ ಮುಂದೆ ಬಂತು. ವಾಯವ್ಯದ ಗಡಿಸೀಮೆಯ ಲೂಯಿಸ್ ವಾರ್ಗಾಸ್, ಅವನ ತಂಡದಲ್ಲೇ ಗ್ವಿರಾ ನುಡಿಸುತ್ತಿದ್ದ ಆಂಥನಿ ಸಾಂತೊಸ್ ಈ ಹೊಸ ನಾದವನ್ನು ಮನೆಮಾತಾಗಿಸಿದರು. ಇತ್ತ ಮಧ್ಯಮವರ್ಗದ ಮನೆಗಳಿಗೆ ಬಚಾಟಾ ಹೊಕ್ಕಿದ್ದು ಹ್ವಾನ್ ಲೂಯಿಸ್ ಗೆರ್ರಾ 1990ರಲ್ಲಿ ಹೊರತಂದ, ಮುಂದೆ ಗ್ರ್ಯಾಮಿಯನ್ನೂ ಗೆದ್ದ ಆಲ್ಬಮ್ ಮೂಲಕ. ಗೌರವ ತಂದುಕೊಟ್ಟಿದ್ದು ಗೆರ್ರಾ, ನಿಜ. ಆದರೆ ಕುಣಿಯುವವರ ಕಾಲಿಗೆ ಕೆಲಸ ಕೊಟ್ಟವರು ಗಡಿಸೀಮೆಯ ಗಿಟಾರಿನವರು.

ಸಮುದ್ರ ದಾಟಿದ ಮೇಲೆ ಕುಣಿತ ಬೇರೆಯಾಯಿತು. ವಲಸೆ ಬಂದ ಡೊಮಿನಿಕನ್ನರ ದೊಡ್ಡ ನೆಲೆ ನ್ಯೂಯಾರ್ಕ್. ಅಲ್ಲಿನ ಬ್ರಾಂಕ್ಸ್‌ನ ಹುಡುಗರ ತಂಡ ಅವೆಂತುರಾ ಬಚಾಟಾಕ್ಕೆ ಆರ್‌ ಅಂಡ್‌ ಬಿ ಎಂಬ ಅಮೆರಿಕದ ಕಪ್ಪುಜನರ ಜನಪ್ರಿಯ ಸಂಗೀತ ಬೆರೆಸಿ ಹಾಡಿದ 'ಒಬ್ಸೆಸಿಯೋನ್' 2002ರಲ್ಲಿ ಬಿಡುಗಡೆಯಾಗಿ ಇಟಲಿ, ಫ್ರಾನ್ಸ್‌ಗಳ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಯುರೋಪಿನಲ್ಲಿ ಆಗಲೇ ಸಾಲ್ಸಾ ಶಾಲೆಗಳಿದ್ದವು. ಹಾಡು ಮೊದಲು ಬಂತು, ಅದಕ್ಕೆ ಕುಣಿಯಲು ಕಲಿಸಿ ಎಂಬ ಬೇಡಿಕೆ ಅದರ ಹಿಂದೆಯೇ ಬಂತು. ಶಿಕ್ಷಕರು ಚೌಕವನ್ನು ಬಿಟ್ಟು, ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಎಣಿಸುವ ಸರಳ ಹೆಜ್ಜೆ ಕಲಿಸಿದರು. ಅದರ ಮೇಲೆ ಸಾಲ್ಸಾದ ತಿರುವುಗಳನ್ನು ಕೂಡಿಸಿದ್ದು ಬಚಾಟಾ ಮೊಡೆರ್ನಾ ಎನಿಸಿತು. ಬೆಂಗಳೂರಿನಲ್ಲೂ ಸಾಲ್ಸಾ ತರಗತಿಗಳ ಜೊತೆಜೊತೆಗೇ ಬಚಾಟಾ ಬಂದಿದೆ.

ಕಾಡಿಸ್‌ನ ಕೊರ್ಕೆ ಮತ್ತು ಹುದಿತ್ ಎಂಬ ಜೋಡಿ ಇಟ್ಟಿದ್ದು ಮುಂದಿನ ಹೆಜ್ಜೆ. ಕೈಯಿಂದ ಸಂಗಾತಿಯನ್ನು ತಿರುಗಿಸುವುದಷ್ಟೇ ಅಲ್ಲದೆ ಎದೆ, ಪಕ್ಕೆ, ಸೊಂಟಗಳನ್ನು ಬಿಡಿಬಿಡಿಯಾಗಿ ಚಲಿಸುವಂತೆ ಸೂಚಿಸುವ ಕ್ರಮವನ್ನು ಅವರು ಕಟ್ಟಿದರು. ಈ ಶೈಲಿ ಬ್ರೆಜಿಲಿಯನ್ ಜೂಕ್ ನೃತ್ಯದಿಂದಲೂ ಬಹಳಷ್ಟು ಪಡೆದಿದೆ. 1989ರ ಹೊತ್ತಿಗೆ ಜಗತ್ತನ್ನೆಲ್ಲ ಕುಣಿಸಿದ ಬ್ರೆಜಿಲಿನ ಲಂಬಾಡಾ ನೃತ್ಯದ ಮುಂದುವರಿಕೆಯೇ ಆ ಜೂಕ್. ಸೆನ್ಶುವಲ್ ಶೈಲಿಗೆ ಕಟ್ಟುನಿಟ್ಟಾದ ತರಬೇತಿ ಬೇಕು. ತಲೆ ಸುತ್ತುವ ಚಲನೆ ಬೆನ್ನಿನಿಂದ ಹುಟ್ಟಬೇಕೇ ಹೊರತು ಸಂಗಾತಿಯ ಕುತ್ತಿಗೆಯನ್ನು ಕೈಯಿಂದ ತಳ್ಳಬಾರದು. ಇದನ್ನು ಮೊದಲ ದಿನವೇ ಹೇಳದ ತರಗತಿಯಿಂದ ದೂರ ಇರುವುದು ಒಳ್ಳೆಯದು.

ಡೊಮಿನಿಕನ್ನರಲ್ಲಿ ಹಲವರು ಈ ಸೆನ್ಶುವಲ್ ಶೈಲಿಯನ್ನು ಬಚಾಟಾ ಎಂದು ಒಪ್ಪುವುದಿಲ್ಲ. 2019ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಡೊಮಿನಿಕನ್ ಬಚಾಟಾದ ಸಂಗೀತ ಮತ್ತು ನೃತ್ಯವನ್ನು. ಅವರ ಆಕ್ಷೇಪವನ್ನು ಬರಿಯ ಮಡಿವಂತಿಕೆ ಎಂದು ತಳ್ಳಿಹಾಕುವುದು ತಪ್ಪು. ಮೂಲ ಬಚಾಟಾದಲ್ಲಿ ಬೊಂಗೊ ಎಂಬ ಜೋಡಿ ಪುಟ್ಟ ಡೋಲುಗಳ ವಾದಕ ಒಂದೇ ಹಾಡಿನೊಳಗೆ ಮೂರು ನಡೆ ಬದಲಿಸುತ್ತಾನೆ: ಸಾಮಾನ್ಯವಾಗಿ ಚರಣಕ್ಕೆ ದೆರೆಚೊ, ಪಲ್ಲವಿಗೆ ಮಹಾವೊ, ಗಿಟಾರ್ ಮುಂದೆ ಬಂದಾಗ ಮಾಂಬೊ. ಬಲ್ಲವರ ಪಾದಗಳೂ ಅದಕ್ಕೆ ಸರಿಯಾಗಿ ನಡೆ ಬದಲಿಸುತ್ತವೆ, ಮಾಂಬೊ ಬಂದಾಗ ಜೋಡಿ ಕೈಬಿಟ್ಟು ಕಾಲಿನ ಕೆಲಸಕ್ಕೆ ಇಳಿಯುವುದೂ ಉಂಟು. ಸೆನ್ಶುವಲ್ ಶೈಲಿಗೆಂದು ಡಿಜೆಗಳು ಪಾಪ್ ಹಾಡುಗಳಿಂದ ಮಾಡುವ ರೀಮಿಕ್ಸ್‌ಗಳಲ್ಲಿ ಹೆಚ್ಚಾಗಿ ಈ ಮೂರು ನಡೆಗಳು ಕರಗಿ ಒಂದೇ ಆಗಿರುತ್ತವೆ. ಅಲ್ಲಿ ಪಾದಕ್ಕೆ ಉತ್ತರಿಸಲು ಏನೂ ಉಳಿದಿರುವುದಿಲ್ಲ, ದನಿಯ ಏರಿಳಿತವನ್ನು ಮೈಯೇ ಹಿಡಿಯಬೇಕು.